ಸುಯುಂಚು ಯಾರು ಕೇಳಬೇಕು?

“ಸುಯುಂಚು!” ಬಾಗಿಲಲ್ಲೇ ನಿಂತು ಕೂಗಿದಳು ಬುರುಲ್ಚಾ. “ನಿಮ್ಮ ಮಾಲೀಕರು ಸಂಬಳ ಏರಿಸಿದ್ದಾರಂತೆ!”

ಮೇಜಿನ ಹಿಂದಿದ್ದ ಉರ್ಮಾತ್ ತಲೆಯೆತ್ತಿದ. ಮುಖ ಅರಳಿತು. ಎದ್ದು ನಿಂತವನೇ ಬಲಗೈಯನ್ನು ಅಂಗಾತ ಮುಂದೆ ಚಾಚಿದ.

“ಹೌದಾ ಎಜೆ? ಎಲ್ಲಿ, ಕೊಡಿ ಮತ್ತೆ!”

ಅವಳು ಆ ಅಂಗೈಯನ್ನು ನೋಡುತ್ತ ನಿಂತಳು. ಬಿಳಿಚಿದ, ಮೃದುವಾದ, ಉಂಗುರವಿಲ್ಲದ ಕೈ. ಏನನ್ನೋ ಹಾಕಿಸಿಕೊಳ್ಳಲು ಕಾದಿತ್ತು.

ಹತ್ತು ನಿಮಿಷದ ಹಿಂದೆ ಕೆಳಗಿನ ಮುದಿ ಕಾವಲುಗಾರನಿಗೂ ಇದೇ ಮಾತನ್ನು ಕೂಗಿ ಹೇಳಿದ್ದಳು. ಆತ ಮೊದಲು ನಕ್ಕ. ಆಮೇಲೆ ಎರಡೂ ಜೇಬು ತಡಕಿದ. ಬೇರೇನೂ ಸಿಗದೆ ಎರಡು ಉಂಡೆ ಕುರುತ್ ತೆಗೆದು ಅವಳ ಕೈಗೆ ತುರುಕಿದ. “ಸುಳ್ಳೇ ಇರಬಹುದು ಮಗಳೇ, ಈ ಜನ ಸಂಬಳ ಏರಿಸೋದುಂಟೇ? ಆದ್ರೂ ಸುದ್ದಿ ತಂದಿದ್ದೀಯಲ್ಲ, ತಗೋ.” ಒಣಗಿಸಿದ ಮೊಸರಿನ ಆ ಉಪ್ಪುಂಡೆಗಳು ಈಗ ಅವಳ ಕೋಟಿನ ಜೇಬಿನಲ್ಲಿದ್ದವು.

ಒಳ್ಳೆಯ ಸುದ್ದಿ ತಂದವರು ಸುಯುಂಚು ಎಂದು ಕೂಗುತ್ತಾರೆ. ಕೇಳಿಸಿಕೊಂಡವರು ಕೈಯಲ್ಲಿದ್ದದ್ದನ್ನು ಕೊಡುತ್ತಾರೆ. ಈ ಕಿರ್ಗಿಜ್ ನಾಡಿನಲ್ಲಿ ಹುಟ್ಟಿದ ಮಗುವಿಗೆ ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ.

“ನಾನಲ್ಲ ಕೊಡಬೇಕಾದ್ದು,” ಎಂದಳು. “ಕೂತ್ಕೋ.”

ಅಂಗೈ ಮುದುಡಿತು.

ಗಂಟೆ ಹನ್ನೆರಡೂವರೆ. ಮೂರಕ್ಕೆ ಈ ಕಚೇರಿಯ ಅನುವಾದಕಿ, ಬುರುಲ್ಚಾಳ ನೆರೆಮನೆಯ ಕಾಲಿಮಾನ್ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಬಸ್ ಚಾಲಕ ರಿಸ್ಪೆಕ್‌ನನ್ನು ಮಂಗಳವಾರ ಇದೇ ಕಟ್ಟಡದ ನಾಲ್ಕನೇ ಮಹಡಿಯಿಂದ ಮೆಟ್ಟಿಲುಗಳ ನಡುವಿನ ಆಳಕ್ಕೆ ತಳ್ಳಿ ಕೊಂದಳು ಎಂಬುದು ಅವಳ ಮೇಲಿನ ಆರೋಪ. ನ್ಯಾಯಾಧೀಶರು ಹೂಂ ಎಂದರೆ ಎರಡು ತಿಂಗಳು ಜೈಲು. ಅವಳ ಏಳು ತಿಂಗಳ ಮಗ ಬುರುಲ್ಚಾಳ ಮನೆಯಲ್ಲಿ, ಬುರುಲ್ಚಾಳ ಅಕ್ಕ ಉಲ್ಕಾನ್‌ಳ ತೊಡೆಯ ಮೇಲಿದ್ದ. ಎರಡು ದಿನದಿಂದ ಬಾಟಲಿಗೆ ಬಾಯಿ ಹಚ್ಚಿರಲಿಲ್ಲ. ಅತ್ತು ಅತ್ತು ಅವನ ದನಿ ಬೆಕ್ಕಿನ ಮರಿಯ ಕೂಗಿನ ಹಾಗಾಗಿತ್ತು.

ನಿನ್ನೆ ಠಾಣೆಯ ಭೇಟಿಕೋಣೆಯಲ್ಲಿ ಅದನ್ನು ಹೇಳಿದಾಗ ಕಾಲಿಮಾನ್ ತನ್ನ ಅಂಗಿಯ ಎದೆಭಾಗ ಒದ್ದೆಯಾದದ್ದನ್ನು ಕೈಯಿಂದ ಮುಚ್ಚಿಕೊಂಡಿದ್ದಳು. ಬುರುಲ್ಚಾ ಒಯ್ದಿದ್ದ ದುಂಡು ರೊಟ್ಟಿಯನ್ನು ಮುರಿದು, ಉಳಿದರ್ಧವನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು. ಇಲ್ಲಿ ರೊಟ್ಟಿಯನ್ನು ಬೋರಲಿಡುವುದು ಅಪಚಾರ; ಅದನ್ನು ಕಂಡೂ ಸುಮ್ಮನಿರುವುದು ಬುರುಲ್ಚಾಳಿಗೆ ಆಗದು. ಮಾತಾಡದೆ ಅದನ್ನು ಮೊಗ ಮೇಲಾಗುವಂತೆ ಮಗುಚಿಟ್ಟಿದ್ದಳು. ಹೆದರಿದ ಹುಡುಗಿಗೆ ರೊಟ್ಟಿಯ ಮೊಗ ಯಾವುದು, ಬೆನ್ನು ಯಾವುದು ಎಲ್ಲಿ ತಿಳಿಯಬೇಕು.

ಉರ್ಮಾತ್ ಚಹಾ ಬಗ್ಗಿಸಿದ. ಬಟ್ಟಲಿನ ಅಂಚಿನವರೆಗೆ, ತುಳುಕುವಷ್ಟು.

“ಹೊರಡು ಅಂತಲೋ?” ಎಂದಳು ಬುರುಲ್ಚಾ.

“ಏನು?”

“ಬಟ್ಟಲು ತುಂಬಾ ಹಾಕಿದ್ದೀಯಲ್ಲ. ಕುಡಿದು ಜಾಗ ಖಾಲಿ ಮಾಡು ಅನ್ನೋ ಅತಿಥಿಗೆ ಹೀಗೆ ಹಾಕ್ತಾರೆ. ಇರಲಿ ಅನ್ನೋರಿಗೆ ಅರ್ಧ.”

“ನಾನು ಧಾರಾಳ ಅಂದ್ಕೊಂಡಿದ್ದೆ.”

“ಎಲ್ಲಿ ಬೆಳೆದೆ ನೀನು?”

“ಅದಕ್ಕೂ ಇದಕ್ಕೂ ಏನು ಸಂಬಂಧ?” ಅವನ ದನಿಯಲ್ಲಿದ್ದ ಜೇನು ಸೋರಿಹೋಯಿತು. “ಮಾಸ್ಕೋದಲ್ಲಿ. ಅಪ್ಪ ಅಲ್ಲಿ ಕಟ್ಟಡದ ಕೆಲಸ ಮಾಡ್ತಿದ್ದ. ಬಂದು ಮೂರು ವರ್ಷ ಆಯ್ತು. ಬಂದ ದಿನದಿಂದ ನಿಮ್ಮಂಥ ಮುದುಕಿಯರು ನನ್ನ ನಾಲಿಗೆ ಎಳೆದು ನೋಡ್ತಾನೇ ಇದ್ದೀರಿ. ಇವನು ನಮ್ಮವನೋ ಅಲ್ವೋ, ಇವನು ನಮ್ಮವನೋ ಅಲ್ವೋ.”

“ನನಗೆ ಐವತ್ತೊಂಬತ್ತು. ಮುದುಕಿ ಅನ್ನೋಕೆ ಇನ್ನೂ ಒಂದು ವರ್ಷ ಇದೆ.”

ಮೂವತ್ತು ವರ್ಷ ನ್ಯಾಯಾಲಯದಲ್ಲಿ ಕಳ್ಳರ, ಸಾಕ್ಷಿಗಳ, ಗಂಡ ಹೆಂಡಿರ ಮಾತನ್ನು ರಷ್ಯನ್‌ಗೆ ತಿರುಗಿಸಿ ಹೇಳಿದವಳು ಅವಳು. ಮನುಷ್ಯ ಸುಳ್ಳು ಹೇಳುವುದು ನಾಮಪದದಲ್ಲಲ್ಲ, ಕ್ರಿಯಾಪದದಲ್ಲಿ ಎಂಬುದು ಅವಳ ಅನುಭವ. ಯಾರು ಕೊಟ್ಟರು, ಯಾರು ತಗೊಂಡರು, ಯಾರು ಬಿದ್ದರು, ಯಾರು ಬೀಳಿಸಿದರು.

ಕೈಚೀಲದಿಂದ ಒಂದು ಹಾಳೆ ತೆಗೆದು ಬಿಡಿಸಿದಳು. ಮೂಲ ಪ್ರತಿಯಲ್ಲ, ಅದರ ನಕಲು. ಮೂಲವನ್ನು ರಿಸ್ಪೆಕ್‌ನ ಹೆಂಡತಿ ಅವಳ ಕೈಗಿತ್ತಿದ್ದಳು. ರಿಸ್ಪೆಕ್ ಸೋಮವಾರ ಈ ಕಚೇರಿ ನಡೆಸುವ ಆನ್‌ಲೈನ್ ಜೂಜಿನ ತಾಣದ ನಿಯಮಗಳನ್ನು ಎರಡು ಪ್ರತಿ ಮುದ್ರಿಸಿಕೊಂಡಿದ್ದ. ಒಂದನ್ನು ಮಂಗಳವಾರ ಜೇಬಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದ. ಹೆಣದ ಮೇಲೆ ಅದು ಸಿಗಲಿಲ್ಲ. ಎರಡನೆಯದು ಈಗ ಬುರುಲ್ಚಾಳ ಮನೆಯ ಹಿಟ್ಟಿನ ಡಬ್ಬಿಯೊಳಗಿತ್ತು; ನಿನ್ನೆ ಕಾಲಿಮಾನ್‌ಗೆ ಧೈರ್ಯ ಹೇಳುವಾಗ ಅದನ್ನೂ ಹೇಳಿದ್ದಳು. ಆ ಹಾಳೆಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ಗೀಚಿದ ಒಂದು ಫೋನ್ ಸಂಖ್ಯೆ, ಕೊನೆಯ ಎರಡು ಅಂಕಿ ಬೆವರಿಗೆ ಅಳಿಸಿದ್ದು. ಅದು ಯಾರದೆಂದು ಅವಳಿಗಿನ್ನೂ ತಿಳಿದಿರಲಿಲ್ಲ.

“ಓದ್ಲಾ?”

“ನಮ್ಮ ನಿಯಮ ನನಗೆ ಗೊತ್ತು, ಬುರುಲ್ಚಾ ತಾಶೊವ್ನಾ.”

ಅಕ್ಕ ಎನ್ನುವ ಎಜೆ ಹೋಗಿ ರಷ್ಯನ್ ರೀತಿಯ ಅಪ್ಪನ ಹೆಸರು ಬಂತು. ಒಳ್ಳೆಯದು. ಈಗ ಇಬ್ಬರೂ ಕಚೇರಿಯಲ್ಲಿದ್ದರು.

“ರಷ್ಯನ್ ಪಾಠದಲ್ಲಿ ಇದಕ್ಕೆ ಬೋನಸ್ ಅಂತ ಹೆಸರು. ಐದು ಸಾವಿರ ಸೋಮ್ ಬೋನಸ್. ಒಂಬತ್ತನೇ ಷರತ್ತು: ಇದನ್ನ ನಲವತ್ತು ಪಟ್ಟು ಆಡಿ ತೀರಿಸೋವರೆಗೆ ಗೆದ್ದ ಹಣ ಕೈಗೆ ಬರಲ್ಲ. ಅಂದ್ರೆ ಎರಡು ಲಕ್ಷ ಸೋಮ್ ಪಂದ್ಯ ಕಟ್ಟಬೇಕು. ಎಪ್ಪತ್ತೆರಡು ಗಂಟೆಯೊಳಗೆ. ಹನ್ನೊಂದು: ಚಕ್ರದಾಟದಲ್ಲಿ ನೂರು ಕಟ್ಟಿದ್ರೆ ಹತ್ತೇ ಲೆಕ್ಕಕ್ಕೆ. ಹದಿನಾಲ್ಕು: ಆಡಿ ತೀರಿಸೋ ತನಕ ಒಂದೇ ಒಂದು ಪಂದ್ಯ ನಾನೂರು ಸೋಮ್ ದಾಟಿದ್ರೂ ಗೆದ್ದದ್ದೆಲ್ಲ ರದ್ದು. ಒಂದೇ ಒಂದು.”

“ಎಲ್ಲ ತಾಣದಲ್ಲೂ ಇದೇ ಇರೋದು. ಬಲವಂತ ಮಾಡಿ ಕೊಡ್ತೀವಾ? ಓದಿ ಒಪ್ಪಿಗೆ ಒತ್ತೋದು ಅವರ ಕೆಲಸ.”

“ಹೌದಪ್ಪ. ನಿಮ್ಮ ಕೆಲಸ ಏನು? ಓದಿದವನಿಗೂ ತಿಳೀದ ಹಾಗೆ ಬರೆಯೋದು.”

“ಜೂಜಾಡೋ ಗಂಡಸಿಗೆ ನಿಯಮ ಅರ್ಥ ಆಗ್ಲಿಲ್ಲ ಅಂತ ನಾನು ಅಳ್ಬೇಕಾ? ಆ ಡ್ರೈವರ್ ಐನೂರು ಕಟ್ಟಿದ. ನೂರು ಸೋಮ್ ಜಾಸ್ತಿ. ಆರು ಲಕ್ಷ ಗೆದ್ದಿದ್ದ, ಹೋಯ್ತು. ಹೋದ ವಾರ ನನ್ನ ಮುಖಕ್ಕೆ ಉಗಿಯೋಕೆ ಬಂದಿದ್ದ, ನನ್ನನ್ನ ಏನೇನಂದ ಗೊತ್ತಾ?”

“ಗೊತ್ತು. ಕಾವಲುಗಾರ ಹೇಳಿದ. ಬೇಲಿ ಹಾರಿದ ಕತ್ತೆ ಅಂದನಂತೆ. ಆಮೇಲೆ ಕತ್ತೆಯ ಕ್ಷಮೆ ಕೇಳಿದನಂತೆ.”

ಉರ್ಮಾತ್‌ನ ಕಿವಿ ಕೆಂಪಾಯಿತು.

“ರಿಸ್ಪೆಕ್ ಓದಿದ ಕಣೋ,” ಎಂದಳು ಅವಳು. “ಅದೇ ನಿನಗೆ ಬಂದ ತೊಂದರೆ. ಅವನು ಓದಿದ್ದು ಕಿರ್ಗಿಜ್ ಪಾಠ. ಅದರಲ್ಲಿ ಬೋನಸ್ ಅಂತಿಲ್ಲ. ಇಪ್ಪತ್ತಾರು ಕಡೆ ಸುಯುಂಚು ಅಂತಿದೆ. ಸುಯುಂಚು ಅಂದ್ರೆ ಕೊಟ್ಟದ್ದು ಕೊಟ್ಟ ಹಾಗೇ. ಅದಕ್ಕೆ ಷರತ್ತು ಹಾಕಿದವರನ್ನ, ವಾಪಸ್ ಕೇಳಿದವರನ್ನ ಯಾರೂ ಮನೆಯೊಳಗೆ ಸೇರಿಸಲ್ಲ. ಕುದುರೆ ಕೊಟ್ಟಿದ್ರೂ ಅಷ್ಟೇ, ಕರ್ಚೀಫು ಕೊಟ್ಟಿದ್ರೂ ಅಷ್ಟೇ. ಆ ಐದು ಸಾವಿರ ಬಂದ ಕ್ಷಣವೇ ತನ್ನದಾಯ್ತು, ಇನ್ನು ಈ ಷರತ್ತುಗಳು ತನಗಲ್ಲ ಅಂದ್ಕೊಂಡ. ಐನೂರು ಕಟ್ಟಿದ.”

“ಮೂರ್ಖ.”

“ಇರಬಹುದು. ಆದ್ರೆ ಮೂವತ್ತೊಂದನೇ ಷರತ್ತೂ ಓದಿದ್ದ. ‘ಎರಡು ಭಾಷೆಯ ಪಾಠ ಬೇರೆ ಬೇರೆಯಾದಲ್ಲಿ, ಆಟಗಾರ ಒಪ್ಪಿಗೆ ಕೊಟ್ಟ ಭಾಷೆಯ ಪಾಠವೇ ಊರ್ಜಿತ.’ ನಿಮ್ಮದೇ ಮಾತು. ಅವನೊಬ್ಬ ಕೇಸು ಹಾಕಿ ಗೆದ್ದಿದ್ರೆ ಕಿರ್ಗಿಜ್‌ನಲ್ಲಿ ಒಪ್ಪಿಗೆ ಒತ್ತಿದ ಪ್ರತಿಯೊಬ್ಬನೂ ಬಾಗಿಲಿಗೆ ಬರ್ತಿದ್ದ. ನಿನ್ನ ಮಾಲೀಕರು ಕೇಳೋ ಮೊದಲ ಪ್ರಶ್ನೆ ಏನು? ಈ ಪದ ಹಾಕಿದ ಬೇಲಿ ಹಾರಿದ ಕತ್ತೆ ಯಾವುದು?”

ಕಿಟಕಿಯಾಚೆ ಕಲ್ಲಿದ್ದಲ ಹೊಗೆಗೆ ಎದುರಿನ ಕಟ್ಟಡ ಅರ್ಧ ಅಳಿಸಿಹೋಗಿತ್ತು. ಉರ್ಮಾತ್ ಅದನ್ನೇ ನೋಡಿದ.

“ಅನುವಾದ ಮಾಡಿದ್ದು ಕಾಲಿಮಾನ್,” ಎಂದ.

“ಅವಳ ಕಡತ ನೋಡಿದ್ದೀನಿ. ಅವಳು ಬರೆದದ್ದು ‘ಷರತ್ತಿನ ಕೊಡುಗೆ’ ಅಂತ. ತಿಂಗಳ ಹಿಂದೆ ನಿನ್ನ ಗುರುತುಪದ ಹಾಕಿ ಯಾರೋ ಒಳಗೆ ಹೋಗಿ ಇಪ್ಪತ್ತಾರೂ ಕಡೆ ಬದಲಿಸಿದ್ದಾರೆ. ಮಂಗಳವಾರ ಮಧ್ಯಾಹ್ನ, ಹೆಣ ಇನ್ನೂ ಕೆಳಗಿದ್ದಾಗ, ಮತ್ತೆ ಅದೇ ಗುರುತುಪದದಿಂದ ಇಪ್ಪತ್ತಾರೂ ಕಡೆ ಅಳಿಸಿದ್ದಾರೆ.”

ಉರ್ಮಾತ್ ನಿಯಮದ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ.

“ಇನ್ನು ಇದು.” ಎರಡನೇ ಹಾಳೆ. ಮಂಗಳವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಕಾಲಿಮಾನ್‌ಳ ಖಾತೆಯಿಂದ ರಿಸ್ಪೆಕ್‌ಗೆ ಹೋದ ಸಂದೇಶ. ಅವಳನ್ನು ಒಳಗೆ ಹಾಕಿಸಿದ್ದು ಇದೇ. ಬುರುಲ್ಚಾ ಓದಿದಳು, ನಿಧಾನವಾಗಿ, ನ್ಯಾಯಾಲಯದ ದನಿಯಲ್ಲಿ: “‘ರಿಸ್ಪೆಕ್ ಅವರೇ, ಒಳ್ಳೆಯ ಸುದ್ದಿ. ನಿಮ್ಮ ಗೆಲುವು ಮಂಜೂರಾಗಿದೆ. ಹನ್ನೊಂದಕ್ಕೆ ಕಚೇರಿಗೆ ಬನ್ನಿ. ನಿಮಗೆ ಸುಯುಂಚು ಕೊಡುತ್ತೇವೆ.’ ಇದರಲ್ಲಿ ತಪ್ಪೇನಿದೆ ಹೇಳು.”

ಅವನು ಎರಡು ಸಲ ಓದಿದ. ತುಟಿ ಅಲುಗುತ್ತಿತ್ತು.

“ತಪ್ಪೇನಿಲ್ಲ. ಕಾಗುಣಿತ ಸರಿಯಾಗೇ ಇದೆ.”

“ನೋಡಿದ್ಯಾ,” ಎಂದಳು ಬುರುಲ್ಚಾ, ಹೆಚ್ಚುಕಡಿಮೆ ಮರುಕದಿಂದ. “ಸುದ್ದಿ ಹೇಳೋನು ಸುಯುಂಚು ಕೇಳ್ತಾನೆ, ಕೊಡಲ್ಲ. ಕೊಡಬೇಕಾದ್ದು ರಿಸ್ಪೆಕ್. ಪಾಪ, ಅವನೂ ಹಾಗೇ ತಿಳ್ಕೊಂಡ. ಬರೆದವರಿಗೆ ಕೈ ತಪ್ಪಿದೆ ಅಂದ್ಕೊಂಡು ಒಂದು ಪೆಟ್ಟಿಗೆ ಮಿಠಾಯಿ ಹಿಡ್ಕೊಂಡು ಬಂದ. ಮೆಟ್ಟಿಲ ತುಂಬ ಚೆಲ್ಲಿತ್ತಲ್ಲ, ಅದು ಯಾಕೆ ಅಂತ ಪೊಲೀಸರು ಇವತ್ತಿನವರೆಗೂ ತಲೆ ಕೆಡಿಸ್ಕೊಂಡಿದ್ದಾರೆ. ಕಾಲಿಮಾನ್ ನರೀನಿನ ಬೆಟ್ಟದಲ್ಲಿ ಅಜ್ಜಿಯ ಕೈಲಿ ಬೆಳೆದವಳು. ನಿದ್ದೇಲೂ ಈ ತಪ್ಪು ಮಾಡಲ್ಲ. ಕೊಡೋರಿಗೂ ಕೇಳೋರಿಗೂ ವ್ಯತ್ಯಾಸ ಗೊತ್ತಿಲ್ದೇ ಇರೋನು ಮಾತ್ರ ಹೀಗೆ ಬರೀತಾನೆ. ಸುಯುಂಚು ಅಂತ ಕೂಗಿದ್ರೆ ಕೈ ಚಾಚೋನು.”

ಉರ್ಮಾತ್ ಎದ್ದ. ಬಟ್ಟಲು ಉರುಳಿ ಚಹಾ ಮೇಜಿನ ಮೇಲೆ ಹರಿಯಿತು. ಯಾರೂ ಒರೆಸಲಿಲ್ಲ.

“ಸಂದೇಶ ನಾನು ಬರೆದಿಲ್ಲ.”

“ನಿಯಮ?”

“ಬರೆದಿಲ್ಲ ಅಂದೆನಲ್ಲ!”

“ನಿಯಮ ಕೇಳ್ತಿದ್ದೀನಿ.”

“ನಿಯಮ...” ಅವನು ಗೋಡೆಗೆ ಒರಗಿದ. “ನಿಯಮದಲ್ಲಿ ಬದಲಿಸಿದ್ದು ನಾನೇ. ಬೋನಸ್ ಅನ್ನೋದಕ್ಕೆ ಬಾಯಿಗೆ ಹತ್ತೋ ನಮ್ಮದೇ ಪದ ಬೇಕು ಅಂತ ಮೇಲಿನವರು ಜೀವ ತಿಂತಿದ್ರು. ನಾನು ಅವಳನ್ನ ಕೇಳ್ದೆ. ಆ ಪದ ಕೊಟ್ಟದ್ದೇ ಕಾಲಿಮಾನ್.”

ಬುರುಲ್ಚಾ ನಕ್ಕಳು. ಈ ದಿನ ಮೊದಲ ಸಲ, ಜೋರಾಗಿ.

“ಜೈಲಲ್ಲಿರೋ ಹೆಂಗಸಿನ ತಲೆ ಮೇಲೆ ಇನ್ನೊಂದು ಕಲ್ಲು. ಹಾಕು, ಹಾಕು. ಹೊರೋಕೆ ಅವಳಿದ್ದಾಳಲ್ಲ.”

“ದೇವರಾಣೆ! ‘ಖುಷಿಯಾದಾಗ ಕೊಡೋ ಉಡುಗೊರೆ, ಅಷ್ಟೇ, ಎಲ್ರಿಗೂ ಗೊತ್ತಿರೋ ಪದ’ ಅಂದ್ಲು. ಇದೇ ಕುರ್ಚಿ ಹತ್ರ ನಿಂತು ಅಂದ್ಲು.”

“ಮತ್ತೆ ಅವಳ ಕಡತದಲ್ಲಿ ಆ ಪದ ಯಾಕಿಲ್ಲ?”

“ನನಗೇನು ಗೊತ್ತು! ನೀವೇ ಬದಲಿಸ್ಕೊಳ್ಳಿ, ನನಗೆ ಹೊತ್ತಿಲ್ಲ ಅಂದ್ಲು. ಬದಲಿಸಿದೆ.”

ಒಂದು ಗಂಟೆ ಹತ್ತು ನಿಮಿಷ. ವಕೀಲ ತೊರೊಕುಲ್ ನ್ಯಾಯಾಲಯದ ಮೆಟ್ಟಿಲ ಮೇಲೆ ಕಾಯುತ್ತಿದ್ದ. ಬುರುಲ್ಚಾ ಒಂದು ಬಿಳಿಹಾಳೆ ಮತ್ತು ಪೆನ್ನನ್ನು ಚಹಾ ಹರಿಯದ ಕಡೆ ಇಟ್ಟಳು.

“ಬರಿ. ಪದ ಬದಲಿಸಿದ್ದು ನಾನು, ಅದರ ಸರಿಯಾದ ಅರ್ಥ ನನಗೆ ಗೊತ್ತಿರಲಿಲ್ಲ. ಅಷ್ಟು ಸಾಕು. ನಿನ್ನ ಮಾಲೀಕರು ಇದನ್ನ ಬೇಕೂಂತ ಮಾಡಿದ ಮೋಸ ಅನ್ನೋ ಹಾಗಿಲ್ಲ, ಅಜ್ಞಾನ ಅಂತ ಬಿಡ್ತಾರೆ. ಕೆಲಸ ಹೋದೀತು. ತಲೆ ಉಳಿಯುತ್ತೆ.”

“ನೀವು ನನ್ನ ಪರ ಯಾಕೆ ಮಾತಾಡ್ತಿದ್ದೀರಿ?”

“ನಿನ್ನ ಪರ ಅಲ್ಲ. ಹಾಲಿಲ್ದೆ ಅಳ್ತಿರೋ ಒಂದು ಮಗು ನನ್ನ ಮನೇಲಿದೆ.”

ಅವನು ಬರೆದ. ರಷ್ಯನ್‌ನಲ್ಲಿ ಬರೆಯಹೋದವನನ್ನು ತಡೆದು ಕಿರ್ಗಿಜ್‌ನಲ್ಲೇ ಬರೆಸಿದಳು. ಮೂರು ಸಾಲಿಗೆ ಏಳು ಕಡೆ ತಡವರಿಸಿದ. ಹೆಸರು, ತಾರೀಖು, ಸಹಿ. ಹಾಳೆಯನ್ನು ಅವಳು ಫೋನಿನಲ್ಲಿ ಚಿತ್ರ ತೆಗೆದು ವಕೀಲನಿಗೆ ಕಳಿಸಿದ ಮೇಲೆಯೇ ಅವನ ಮುಖದಲ್ಲಿ ಏನೋ ಹೊಳೆದಂತಾಯಿತು.

“ಅರ್ಥ ಗೊತ್ತಿರಲಿಲ್ಲ ಅಂತ ಬರ್ಕೊಟ್ಟಿದ್ದೀನಿ,” ಎಂದ ಮೆಲ್ಲಗೆ.

“ಹೂಂ.”

“ಅರ್ಥ ಗೊತ್ತಿಲ್ಲದವನೇ ಆ ಸಂದೇಶ ಬರೆದದ್ದು ಅಂತ ನೀವು ಹೇಳಿದ್ರಿ.”

“ಹೂಂ.”

“ಕೊಲೆ ನನ್ನ ಕೈಲೇ ಬರೆಸ್ಕೊಂಡ್ರಾ?”

“ಸಹಿ ಮಾಡೋ ಮೊದಲು ಓದೋದು ನಿನ್ನ ಕೆಲಸ,” ಎಂದು ಬುರುಲ್ಚಾ ಕೋಟಿನ ಗುಂಡಿ ಹಾಕಿಕೊಂಡಳು.

ಅವನು ಹೊಡೆಯಬಹುದೆಂದು ಅನ್ನಿಸಿತು. ಹೊಡೆಯಲಿಲ್ಲ. ಕೂತಲ್ಲೇ ಕೂತು ಹರಿದ ಚಹಾದಲ್ಲಿ ಬೆರಳಾಡಿಸುತ್ತ, ಆ ಒಂದೇ ಪದವನ್ನು ಬೇರೆ ಬೇರೆ ಒತ್ತು ಕೊಟ್ಟು ಹೇಳಿ ನೋಡುತ್ತಿದ್ದ. ಯಾವ ಒತ್ತಿನಲ್ಲೂ ಅದು ಅವನದಾಗಲಿಲ್ಲ.

ಆ ಕಟ್ಟಡದ ಎದುರಿಗೇ ಒಂದು ಊಟದಂಗಡಿ. ಬುರುಲ್ಚಾ ಅಲ್ಲಿ ಕಿಟಕಿಯ ಪಕ್ಕ ಕೂತು ಲಗ್ಮಾನ್ ತರಿಸಿಕೊಂಡಳು. ಉದ್ದನೆಯ ಶಾವಿಗೆ ಸಾರಿನಲ್ಲಿ ಊದಿಕೊಳ್ಳುತ್ತ ಹೋಯಿತು, ಅವಳು ತಿನ್ನಲಿಲ್ಲ. ಎರಡೂವರೆಗೆ ಪೊಲೀಸ್ ಕಾರು ಬಂತು. ಉರ್ಮಾತ್‌ನನ್ನು ಇಬ್ಬರ ನಡುವೆ ನಡೆಸಿ ಕರೆತಂದರು. ಕಾರಿಗೆ ಹತ್ತುವ ಮುಂಚೆ ಅವನು ಕಾವಲುಗಾರನ ಕಡೆ ತಿರುಗಿ ಏನೋ ಕೇಳಿದ. ಮುದುಕ ತಲೆಯಾಡಿಸಿದ, ಗಾಳಿಯಲ್ಲಿ ಕೈ ಮಾಡಿ ತೋರಿಸಿದ: ಹೇಳುವವರು ಈ ಕಡೆ, ಕೊಡುವವರು ಆ ಕಡೆ.

ಸಿಕ್ಕಿಬಿದ್ದವನೂ ಪದದ ಅರ್ಥ ಕೇಳುತ್ತಾನಲ್ಲ ಎಂದು ಅವಳಿಗೆ ಒಂದು ಕ್ಷಣ ಕಸಿವಿಸಿಯಾಯಿತು. ಕೊಂದವನು ಹಾಗೆ ಕೇಳುತ್ತಾನೆಯೇ? ಸಾರಿಗೆ ಮೆಣಸಿನ ಖಾರ ಸುರಿದುಕೊಂಡು ಆ ಯೋಚನೆಯನ್ನು ಮುಚ್ಚಿದಳು.

ಮೂರು ಇಪ್ಪತ್ತಕ್ಕೆ ತೊರೊಕುಲ್‌ನ ಸಂದೇಶ ಬಂತು. ‘ನ್ಯಾಯಾಧೀಶರು ಹಳ್ಳಿಯವರು. ಎರಡು ಸಲ ಓದಿದರು, ನಕ್ಕರು. ಬಿಟ್ಟಿದ್ದಾರೆ. ಕಾರಿನಲ್ಲಿ ಕಳಿಸಿದ್ದೇನೆ.’

ಬುರುಲ್ಚಾ ಜೇಬಿನಿಂದ ಒಂದು ಕುರುತ್ ತೆಗೆದು ಬಾಯಿಗೆ ಹಾಕಿಕೊಂಡಳು. ಉಪ್ಪು ದವಡೆಗಿಳಿಯಿತು. ಮೂರು ದಿನದಲ್ಲಿ ಮೊದಲ ಬಾರಿಗೆ ಅವಳ ಭುಜ ಸಡಿಲವಾಯಿತು. ಇಷ್ಟು ಹೊತ್ತಿಗೆ ಮಗು ತಾಯಿಯ ಎದೆಗೆ ಬಿದ್ದಿರಬೇಕು.

ನಾಲ್ಕಾಗುತ್ತಿದ್ದ ಹಾಗೆ ಫೋನ್ ಬಡಿದುಕೊಂಡಿತು. ಮನೆಯ ಸಂಖ್ಯೆ.

“ಬುರುಲ್ಚಾ ಎಜೆ!” ಕಾಲಿಮಾನ್. ಅಳುವೂ ನಗುವೂ ಒಟ್ಟಿಗಿದ್ದ ದನಿ. “ಬಂದ್ಬಿಟ್ಟೆ! ನಿಮ್ಮ ಮನೇಲೇ ಇದ್ದೀನಿ. ಮಗ ಹಾಲು ಕುಡಿದು ಮಲಗಿಬಿಟ್ಟ.”

“ಕುಡಿದನಾ? ಸದ್ಯ! ಉಲ್ಕಾನ್ ಎಜೆ ಎಲ್ಲಿ?”

“ಹೊರಗೆ ಕಳಿಸಿದೆ, ಔಷಧಿ ಅಂಗಡಿಗೆ. ಎರಡು ದಿನದಿಂದ ನಿದ್ದೆ ಇಲ್ಲ ಅವರಿಗೆ, ಗಾಳಿ ತಗೊಂಡು ಬರಲಿ. ಎಜೆ, ನಿಮ್ಮ ಋಣ ಹೇಗೆ ತೀರಿಸ್ಲಿ? ಈ ಒಳ್ಳೆ ಸುದ್ದಿಯನ್ನ ಮೊದಲು ನಿಮಗೇ ಹೇಳ್ಬೇಕು ಅಂತಿದ್ದೆ. ಏನು ಬೇಕು ಹೇಳಿ, ನಿಮಗೆ ನಾನು ಸುಯುಂಚು ಕೊಡ್ತೀನಿ!”

ಬುರುಲ್ಚಾಳ ಬಾಯಲ್ಲಿ ಕುರುತ್ ಅರ್ಧ ಕರಗಿತ್ತು. ಅಲ್ಲೇ ನಿಂತಿತು.

“ಏನಂದೆ?”

“ಸುಯುಂಚು ಎಜೆ! ದೊಡ್ಡದೇ ಕೊಡ್ತೀನಿ. ನಾಚ್ಕೋಬೇಡಿ.”

ಮೇಜಿನ ಮೇಲೆ, ಸಾರಿನ ಬಟ್ಟಲ ಪಕ್ಕದಲ್ಲಿ, ಅಂಗಡಿಯವಳು ಇಟ್ಟುಹೋಗಿದ್ದ ದುಂಡು ರೊಟ್ಟಿಯಿತ್ತು. ಮೊಗ ಮೇಲಾಗಿ, ಇರಬೇಕಾದ ಹಾಗೆ.

“ಕಾಲಿಮಾನ್,” ಎಂದಳು. “ನಿನ್ನ ಅಜ್ಜಿ ನರೀನಿನಲ್ಲಿ ಯಾವ ಹಳ್ಳಿಯವಳು ಅಂದಿದ್ದೆ?”

ಆ ಕಡೆ ಮಾತು ನಿಂತಿತು. ಮಗುವಿನ ಸದ್ದಿರಲಿಲ್ಲ. ಆ ನಿಶ್ಶಬ್ದದೊಳಗೆ ಬುರುಲ್ಚಾ ಹುಟ್ಟಿದಾಗಿನಿಂದ ಕೇಳುತ್ತ ಬಂದ, ಅಮ್ಮನ ಕಾಲದ, ಎಷ್ಟು ಎಣ್ಣೆ ಬಿಟ್ಟರೂ ನಿಲ್ಲದ ಒಂದು ಸದ್ದು ಕೇಳಿಸಿತು. ರಿಸ್ಪೆಕ್‌ನ ಹಾಳೆಯಿದ್ದ ಹಿಟ್ಟಿನ ಡಬ್ಬಿಯ ಮುಚ್ಚಳ ಕಿರುಗುಟ್ಟುತ್ತ ತೆರೆದುಕೊಳ್ಳುತ್ತಿತ್ತು.